ನೀಲಿ ದಾರದ ಕ್ಲಿಪ್ಪು

ಹಿಂದಿನ ಸಾಲು, ಮೂರನೆಯ ಕೋಣೆ
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮೊಳೆರಾಯನಿಗೆ,

‘ನೂರು ಕೈ ಹೊತ್ತ ಹೊರೆಗೆ ತೂಕವಿಲ್ಲ.’ ಹೀಗೊಂದು ಸಾಲಿತ್ತು, ನಿನಗೆ ನೆನಪಿದೆಯೇ? ಅದರ ಮುಂದಿನ ಸಾಲು ನನಗೆ ಮರೆತುಹೋಗಿದೆ. ಬೆಳಗಿನಿಂದ ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ ಹುಡುಕಿದೆ. ಸಿಗಲಿಲ್ಲ. ಆದರೆ ಸಿಗದ ಸಾಲಿಗಿಂತ ಸಿಕ್ಕಿರುವ ಸಾಲೇ ಹೆಚ್ಚು ಕಾಡುತ್ತಿದೆ. ತೂಕವಿಲ್ಲ ಅಂದರೆ ಅದು ಎಲ್ಲಿಗೆ ಹೋಯಿತು? ಹೊತ್ತು ನಡೆಯುವಾಗ ಹಗುರವೇ ಇರಬಹುದು. ಇಳಿಸುವ ಹೊತ್ತಿಗೆ ಯಾರೋ ಒಬ್ಬರ ಕಾಲ ಮೇಲೇ ಇಳಿಯುತ್ತದಲ್ಲ. ಅಂದು ಈ ಸಾಲನ್ನು ಓದಿ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚಿಕ್ಕ ನಕ್ಷತ್ರ ಬರೆದಿದ್ದೆ. ನನಗಾಗ ಇಪ್ಪತ್ತೈದು. ಎಂ.ಎ. ಮುಗಿಸಿ ಬಂದವಳು, ಚೆನ್ನಾಗಿ ಹೇಳಿದ್ದೆಲ್ಲ ನಿಜವಾಗಿಯೇ ಇರಬೇಕೆಂದು ನಂಬಿದ್ದವಳು.

ನಿನ್ನ ಈ ವರ್ಷದ ಕಾರ್ಡು ಜನವರಿಯಲ್ಲಿ ಬಂತು. ಎಂದಿನಂತೆ ವಿಳಾಸ, ತಾರೀಕು, ‘ಕ್ಷೇಮ’. ಇಪ್ಪತ್ತೆರಡು ಕಾರ್ಡುಗಳನ್ನೂ ಇಟ್ಟುಕೊಂಡಿದ್ದೇನೆ. ಸಾಲಾಗಿ ಜೋಡಿಸಿ ನೋಡಿದರೆ ಒಂದು ಮಗು ಬೆಳೆದು ದೊಡ್ಡದಾದ ಹಾಗೆ ಕಾಣುತ್ತದೆ. ಮೊದಲನೆಯದರಲ್ಲಿ ‘ಕ್ಷ’ ಅಕ್ಷರ ಮಗುಚಿಬಿದ್ದ ಕುರ್ಚಿಯಂತಿದೆ. ಐದನೆಯ ವರ್ಷದ ಹೊತ್ತಿಗೆ ನೆಟ್ಟಗಾಗಿದೆ. ಈಗಂತೂ ನಿನ್ನ ಎಡಗೈ ಬರಹ ನನ್ನ ಬಲಗೈ ಬರಹಕ್ಕಿಂತ ದುಂಡಗಿದೆ. ನಾನೂ ಪ್ರತಿ ವರ್ಷ ‘ಕ್ಷೇಮ’ ಎಂದೇ ಉತ್ತರ ಬರೆದೆ. ನಮ್ಮಿಬ್ಬರ ನಡುವೆ ಇಷ್ಟು ಕ್ಷೇಮ ಇರುವಾಗ ಬೇರೆ ಏನನ್ನು ತಾನೇ ಬರೆಯುವುದು ಎಂದು ಸುಮ್ಮನಿದ್ದೆ.

ಇಂದು ಬರೆಯಲೇಬೇಕಾಗಿದೆ. ನಮ್ಮ ಸಹಕಾರಿ ಮುದ್ರಣಾಲಯ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಮುಚ್ಚುವುದೇನು, ಉಸಿರು ನಿಂತು ಎಷ್ಟೋ ವರ್ಷವಾಯಿತು, ಈಗ ಹೂಳುತ್ತಾರೆ ಅಷ್ಟೆ. ಕಟ್ಟಡ ಯಾವುದೋ ಗೋದಾಮಿಗೆ ಹೋಗುತ್ತಿದೆ. ಯಂತ್ರಗಳನ್ನು ನಿನ್ನೆ ಗುಜರಿಯವರು ಬಂದು ತಟ್ಟಿ, ಕುಟ್ಟಿ ನೋಡಿಹೋದರು. ಹಿಂದಿನ ಸಾಲಿನ ಎಂಟು ಕೋಣೆಗಳಲ್ಲಿ ಈಗ ಇರುವವರು ಇಬ್ಬರೇ. ಮೂರನೆಯದರಲ್ಲಿ ನಾನು, ನಾಲ್ಕನೆಯದರಲ್ಲಿ ಮೇಸ್ತ್ರಿ. ನೀನು ಇದ್ದಾಗ ಅರವತ್ತು ತುಂಬದ ಆ ಮನುಷ್ಯನಿಗೆ ಈಗ ಎಂಬತ್ತು ದಾಟಿದೆ, ಬೈಗುಳ ಮಾತ್ರ ಹಾಗೇ ಇದೆ. ಸಾಮೂಹಿಕ ಅಡುಗೆಮನೆಯ ಆ ದೊಡ್ಡ ಒಲೆಯ ಮೇಲೆ ಒಂದು ಲೋಟ ಚಹಾ ಕಾಯಿಸುತ್ತೇನೆ. ಹದಿನಾಲ್ಕು ಜನರ ಊಟಕ್ಕೆ ಮಾಡಿಸಿದ ಬೆಂಚಿನ ತುದಿಯಲ್ಲಿ ಕುಳಿತು ಕುಡಿಯುತ್ತೇನೆ. ಹಳೆಯ ಅಭ್ಯಾಸ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟೇ ಕೂರುತ್ತೇನೆ.

ಮುಚ್ಚುವ ಮೊದಲು ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. ಸಂಘದ ಕಚೇರಿಯಿಂದ ಒಬ್ಬ ಹುಡುಗಿ ಬಂದಿದ್ದಳು, ಚುರುಕಿನವಳು, ಒಳ್ಳೆಯವಳು. ಇಲ್ಲಿ ಉಳಿದವರಲ್ಲಿ ಬರೆಯಬಲ್ಲವಳು ನಾನೊಬ್ಬಳೇ, ಆದ್ದರಿಂದ ಮುದ್ರಣಾಲಯದ ಚರಿತ್ರೆ ನಾನೇ ಬರೆಯಬೇಕು. ಬರೆದೆ. ನಿನ್ನ ಅಪಘಾತದ ಜಾಗಕ್ಕೆ ಬಂದು ಪೆನ್ನು ನಿಂತಿತು. ಹುಡುಗಿಗೆ ಹೇಳಿದೆ. ‘ಅಯ್ಯೋ ಮೇಡಂ, ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕೋತೀರಾ, ಹಳೇ ಠರಾವಲ್ಲಿ ಒಂದು ಸಾಲು ಇದೆಯಲ್ಲ, ಅದನ್ನೇ ಹಾಕಿಬಿಡಿ’ ಅಂದಳು. ಆ ಸಾಲನ್ನು ಬರೆದವಳು ನಾನೇ ಎಂದು ಅವಳಿಗೆ ಗೊತ್ತಿಲ್ಲ. ಶುಕ್ರವಾರ ಪುಟಗಳು ಅಚ್ಚಿಗೆ ಹೋಗುತ್ತವೆ, ನಮ್ಮಲ್ಲಲ್ಲ, ಎಲ್ಲೋ ಕಂಪ್ಯೂಟರಿನವರಲ್ಲಿ. ಅಷ್ಟರೊಳಗೆ ನಾನು ಎರಡರಲ್ಲಿ ಒಂದು ಮಾಡಬೇಕು. ಒಂದೋ ಆ ಸುಳ್ಳು ಸಾಲನ್ನು ಎರಡನೆಯ ಸಲ ಅಚ್ಚುಹಾಕಿಸಬೇಕು, ಇಲ್ಲವೇ ನಿಜವನ್ನು ಬರೆಯಬೇಕು. ನಿಜ ಬರೆದಾಗಿದೆ. ಆದರೆ ಊರವರು ಓದುವ ಮೊದಲು ನೀನು ನನ್ನಿಂದಲೇ ಕೇಳಬೇಕು.

ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಬೇಸರಪಡಬೇಡ. ಮೊದಲಿನಿಂದ ಹೇಳಿದರೆ ಮಾತ್ರ ಕೊನೆಯವರೆಗೆ ಹೇಳುವ ಧೈರ್ಯ ಬರುತ್ತದೆ.

ನಾವು ಹದಿನಾಲ್ಕು ಜನ ಸೇರಿ ಈ ಹಾಲಿಗೆ ಬಂದಾಗ ಬಾಗಿಲಲ್ಲೇ ಹೆಸರು ಬಿಟ್ಟು ಬಂದೆವು. ಹೆಸರಿನ ಬೆನ್ನಿಗೆ ಮನೆತನ ಬರುತ್ತದೆ, ಮನೆತನದ ಬೆನ್ನಿಗೆ ಮೇಲು ಕೀಳು ಬರುತ್ತದೆ ಎಂದು ನಮ್ಮ ಸಂಘ ಕಟ್ಟಿದ ದೊಡ್ಡಣ್ಣ ವಿವರಿಸಿದ್ದರು. ನೀನು ಅಚ್ಚಿನ ಮೊಳೆ ಜೋಡಿಸುವುದರಲ್ಲಿ ಗಟ್ಟಿಗ, ಆದ್ದರಿಂದ ಮೊಳೆರಾಯ. ನಾನು ಕರಡು ತಿದ್ದುವವಳು, ಕರಡಕ್ಕ. ಅದನ್ನು ಕರಡಿ ಮಾಡಿದವನು ನೀನೊಬ್ಬನೇ. ಎಲ್ಲರನ್ನೂ ಏಕವಚನದಲ್ಲಿ ಕರೆಯಬೇಕೆಂದೂ ತೀರ್ಮಾನವಾಯಿತು. ಮದುವೆಯಾಗಿ ಒಂದು ವರ್ಷ ನಿನ್ನನ್ನು ‘ನೀವು’ ಎನ್ನುತ್ತಿದ್ದವಳು ಒಂದು ಸೋಮವಾರದಿಂದ ‘ನೀನು’ ಎನ್ನತೊಡಗಿದೆ. ಬಾಯಿ ತಿರುಗಲು ವಾರ ಬೇಕಾಯಿತು, ಆಮೇಲೆ ಅದರಷ್ಟು ಸಿಹಿಯಾದ ಮಾತು ಬೇರೆ ಇರಲಿಲ್ಲ. ದೊಡ್ಡಣ್ಣನವರನ್ನು ಮಾತ್ರ ಎಲ್ಲರೂ ‘ನೀವು’ ಎಂದೇ ಕರೆಯುತ್ತಿದ್ದೆವು. ಅದನ್ನು ಯಾರೂ ತೀರ್ಮಾನ ಮಾಡಿರಲಿಲ್ಲ.

ಗೋಡೆಯ ಮೇಲೆ ಸರದಿ ಚಕ್ರವಿತ್ತು. ರಟ್ಟಿನ ಆ ಚಕ್ರದ ಸುತ್ತ ಕೆಲಸಗಳ ಹೆಸರು: ಮೊಳೆ ಜೋಡಣೆ, ಕರಡು, ಕಾಗದ ಕತ್ತರಿಸುವ ಯಂತ್ರ, ಹೊಲಿಗೆ, ಅಂಟು, ಅಡುಗೆ, ಕಕ್ಕಸು ಚರಂಡಿ, ಹೀಗೆ. ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳಿಗೆ ಒಬ್ಬೊಬ್ಬರದು ಒಂದೊಂದು ಬಣ್ಣದ ದಾರ ಸುತ್ತಿ ಚಕ್ರಕ್ಕೆ ಸಿಕ್ಕಿಸಿದ್ದೆವು. ನಿನ್ನದು ಹಸಿರು, ನನ್ನದು ನೀಲಿ. ಶನಿವಾರ ಸಂಜೆ ಯಾರಾದರೊಬ್ಬರು ಎಲ್ಲ ಕ್ಲಿಪ್ಪುಗಳನ್ನೂ ಒಂದೊಂದು ಮನೆ ಮುಂದಕ್ಕೆ ಸರಿಸುವುದು. ತಲೆಯ ಕೆಲಸ ಕೆಲವರಿಗೆ, ಕೈಯ ಕೆಲಸ ಕೆಲವರಿಗೆ ಎಂಬುದೇ ಇರಬಾರದು. ಎಲ್ಲರೂ ಎಲ್ಲ ಕೆಲಸ ಮಾಡಬೇಕು.

ಆ ಕನಸು ಸುಳ್ಳು ಎಂದು ಹೇಳಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಹುಟ್ಟಿದಾಗಿನಿಂದ ಬೇರೆಯವರ ಅಂಗಳ ಗುಡಿಸಿದ್ದ ಕಸದಕ್ಕ ನನ್ನ ಪಕ್ಕ ಕುಳಿತು ಕರಡು ತಿದ್ದಲು ಕಲಿತಳು. ಮೊದಲ ತಪ್ಪು ಹಿಡಿದ ದಿನ ಆ ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ತಿರುಗಿದಳು. ನಾನು, ಕವಿತೆ ಓದಿದವಳು, ಚರಂಡಿ ಉಜ್ಜಿದೆ. ಮೈ ನೊಂದಿತು, ಆದರೆ ಆ ವಾರಗಳಲ್ಲಿ ಬಿದ್ದಂಥ ನಿದ್ದೆ ಮತ್ತೆಂದೂ ಬಿದ್ದಿಲ್ಲ. ಇದೂ ನಿಜ. ಚರಿತ್ರೆಯಲ್ಲಿ ಇದನ್ನೂ ಬರೆದಿದ್ದೇನೆ.

ಮೇಸ್ತ್ರಿಗೆ ಮಾತ್ರ ಚಕ್ರದ ಮೇಲೆ ನಂಬಿಕೆ ಇರಲಿಲ್ಲ. ಅದನ್ನು ಬುಗುರಿ ಎನ್ನುತ್ತಿದ್ದರು. ನಮ್ಮ ಕತ್ತರಿಸುವ ಯಂತ್ರ ಹಳೆಯ ಪ್ರೆಸ್ಸಿನಲ್ಲಿದ್ದಾಗಿನಿಂದ ಮೂವತ್ತು ವರ್ಷ ಅದರ ಮುಂದೆ ನಿಂತವರು. ‘ನಮಗೆ ಸರದಿ ಗೊತ್ತು, ಅಲಗಿಗೆ ಗೊತ್ತಾ?’ ಎಂದು ಒಮ್ಮೆ ಸಭೆಯಲ್ಲೇ ಕೇಳಿದರು. ಎಲ್ಲರೂ ನಕ್ಕೆವು. ಆ ಯಂತ್ರದ ಹಿಡಿ, ಅಲಗಿನ ಸಮೇತ, ಆಗಾಗ ತಾನಾಗಿಯೇ ಕೆಳಗೆ ಬೀಳುತ್ತಿತ್ತು. ಬೀಳುವ ಮೊದಲು ಒಳಗೆ ಏನೋ ಕರಕ್ ಎನ್ನುತ್ತಿತ್ತು. ‘ಅದು ಕೆಮ್ಮಿತು ಅಂದ್ರೆ ಕೈ ತೆಗೀರಪ್ಪ’ ಎಂದು ಮೇಸ್ತ್ರಿ ಎಲ್ಲರಿಗೂ ಹೇಳಿದ್ದರು. ಅವರ ಕಿವಿಗೆ ಕೇಳುತ್ತಿದ್ದ ಆ ಕೆಮ್ಮು ನಮ್ಮ ಯಾರ ಕಿವಿಗೂ ಸರಿಯಾಗಿ ಕೇಳುತ್ತಿರಲಿಲ್ಲ.

ಇನ್ನೊಂದು ಮಾತು. ದೊಡ್ಡಣ್ಣನವರ ಕೆಂಪು ದಾರದ ಕ್ಲಿಪ್ಪು ಕಕ್ಕಸು ಚರಂಡಿಯ ಮನೆಗೆ ಬಂದ ವಾರವೇ ಅವರಿಗೆ ಹೊರಊರಿನಲ್ಲಿ ಸಭೆ ಬರುತ್ತಿದ್ದುದು ನಿನಗೆ ನೆನಪಿರಬೇಕು. ‘ನಮ್ಮ ಚರಂಡಿಗೂ ಕ್ರಾಂತಿಗೂ ಏನೋ ಸಂಬಂಧ ಇದೆ ಕಣೇ, ಒಂದು ತುಂಬಿದ ಕೂಡ್ಲೇ ಇನ್ನೊಂದು ಕರೆಯುತ್ತೆ’ ಎಂದು ನೀನೇ ನನ್ನ ಕಿವಿಯಲ್ಲಿ ಹೇಳಿ ನಗಿಸಿದ್ದೆ. ಅವರು ಸರದಿ ತಪ್ಪಿಸಿಕೊಂಡಾಗ ಅದಕ್ಕೆ ಸಂಘಟನೆಯ ಅಗತ್ಯ ಎಂಬ ಹೆಸರಿತ್ತು.

ನಾನು ತಪ್ಪಿಸಿಕೊಂಡಾಗ ಅದಕ್ಕೆ ಹೆಸರಿರಲಿಲ್ಲ. ಅದನ್ನೇ ಈಗ ಹೇಳುತ್ತೇನೆ.

ಅಪಘಾತದ ಹಿಂದಿನ ವಾರ ನೀನು ಮೊಳೆ ಜೋಡಣೆಯಲ್ಲಿದ್ದೆ, ನಾನು ಕರಡಿನಲ್ಲಿ. ಗಿರಣಿಯಲ್ಲಿ ದುಡಿಯುತ್ತಿದ್ದ ಒಬ್ಬ ಹೆಂಗಸಿನ ಕವಿತೆಗಳ ಪುಸ್ತಕ ಬಂದಿತ್ತು. ನೀನು ಜೋಡಿಸಿದಷ್ಟು ಪುಟ ನನ್ನ ಮೇಜಿಗೆ ಬರುತ್ತಿತ್ತು. ಒಂದೊಂದು ಪುಟಕ್ಕೂ ಕಾಯುತ್ತಿದ್ದೆ, ಹಸಿದವಳ ಹಾಗೆ. ಕರಡಿನ ಸರದಿ ಬಂದಾಗಲೆಲ್ಲ ಕರಪತ್ರ, ವರದಿ, ಠರಾವು ತಿದ್ದಿ ತಿದ್ದಿ ಕಣ್ಣು ಒಣಗಿತ್ತು. ನೀನು ಕೊನೆಯ ಪುಟದವರೆಗೂ ಜೋಡಿಸಿ ಮುಗಿಸಿದ್ದೆ, ನಾನು ತಿದ್ದಿದ್ದು ಅರ್ಧವಷ್ಟೇ, ಅಷ್ಟರಲ್ಲಿ ಶನಿವಾರ ಬಂತು. ಮೇಸ್ತ್ರಿ ಗೊಣಗುತ್ತ ಕ್ಲಿಪ್ಪುಗಳನ್ನು ಸರಿಸಿ ಹೋದರು. ನಿನ್ನ ಹಸಿರು ಕರಡಿನ ಮನೆಗೆ ಬಂತು, ನನ್ನ ನೀಲಿ ಕತ್ತರಿಸುವ ಯಂತ್ರಕ್ಕೆ.

ಆ ಯಂತ್ರವೆಂದರೆ ನನಗೆ ಹೆದರಿಕೆ. ಹಿಂದಿನ ಸರದಿಯಲ್ಲಿ ಒಂದು ಸಲ ಹಿಡಿ ಬಿದ್ದು ನನ್ನ ಬೆರಳಿನಿಂದ ಒಂದು ಅಂಗುಲ ದೂರದಲ್ಲಿ ಕಾಗದ ಕಚಕ್ಕೆಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಓದಿದವಳ ನಾಜೂಕು ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಕವಿತೆಗಳು. ಆ ಉಳಿದರ್ಧ ಪುಸ್ತಕವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ, ಆ ಇನ್ನೊಬ್ಬ ನೀನೇ ಆಗಿದ್ದರೂ. ಎಲ್ಲರೂ ಊಟದ ಬೆಂಚಿಗೆ ಹೋದ ಮೇಲೆ, ಲೋಟ ಮರೆತೆ ಎಂದು ವಾಪಸು ಬಂದೆ. ನೀಲಿ ಕ್ಲಿಪ್ಪು ತೆಗೆದೆ, ಹಸಿರು ಕ್ಲಿಪ್ಪು ತೆಗೆದೆ, ಅದಲು ಬದಲು ಮಾಡಿದೆ. ಎರಡು ಉಸಿರಿನ ಕೆಲಸ. ಮನಸ್ಸು ಆಗಲೇ ನೆಪ ಹೊಸೆಯುತ್ತಿತ್ತು. ತಾನೇ ಜೋಡಿಸಿದ್ದನ್ನು ತಾನೇ ತಿದ್ದಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಇದು ಪುಸ್ತಕದ ಒಳ್ಳೆಯದಕ್ಕೇ. ಮುಂದಿನ ವಾರ ಹೇಗೂ ಯಂತ್ರ ಅವನ ಪಾಲಿಗೆ ಬರುವುದೇ, ಒಂದು ವಾರ ಮೊದಲು ಬಂದರೆ ಏನು? ಹೀಗೆಲ್ಲ. ನಿನಗೆ ಒಂದು ಮಾತು ಹೇಳಿದ್ದರೆ ನೀನು ನಗುತ್ತ ಒಪ್ಪುತ್ತಿದ್ದೆ ಎಂದೂ ಗೊತ್ತಿತ್ತು. ಆದರೆ ಚಕ್ರದ ಮುಂದೆ ಗಂಡ ಹೆಂಡತಿ ಎಂಬುದಿಲ್ಲ ಎಂದು ಸಭೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ವಾದಿಸಿದ್ದವಳು ನಾನು. ಕೇಳುವ ಮುಖ ಇರಲಿಲ್ಲ.

ಸೋಮವಾರ ನಾನು ಒಳಗೆ ಬಂದಾಗ ನೀನು ಆಗಲೇ ಚಕ್ರ ನೋಡಿಕೊಂಡು ಯಂತ್ರದ ಮುಂದೆ ನಿಂತಿದ್ದೆ. ಯಾರೂ ಗಮನಿಸಲಿಲ್ಲ ಎಂದು ಹಗುರಾದೆ. ಮಂಗಳವಾರ ಹನ್ನೊಂದು ಗಂಟೆಗೆ ಆ ಶಬ್ದ ಕೇಳಿದಾಗ ನಾನು ಆ ಸಾಲಿಗೆ ನಕ್ಷತ್ರ ಬರೆಯುತ್ತಿದ್ದೆ. ಯಂತ್ರ ಸರಿಮಾಡುವವನು ಬುಧವಾರ ಬರುವವನಿದ್ದ. ಮೂವತ್ತು ವರ್ಷ ಅದರ ಕೆಮ್ಮು ಕೇಳಿದ್ದ ಮನುಷ್ಯ ಆ ಹೊತ್ತಿನಲ್ಲಿ ಹಿತ್ತಿಲಲ್ಲಿ, ಸರದಿಯ ಪ್ರಕಾರ, ಚರಂಡಿ ತೊಳೆಯುತ್ತಿದ್ದರು.

ನಿನ್ನ ಬಲಗೈಯ ಎರಡು ಬೆರಳು. ಮೊಳೆ ಹೆಕ್ಕುವ ಬೆರಳುಗಳು. ಇದನ್ನು ಇದಕ್ಕಿಂತ ಹೆಚ್ಚು ಬರೆಯಲಾರೆ.

ಹತ್ತು ದಿನದ ಮೇಲೆ ಸಭೆ ಸೇರಿತು. ನೀನು ಕೈಗೆ ಬಟ್ಟೆ ಸುತ್ತಿಕೊಂಡು ಕಿಟಕಿಯ ಹತ್ತಿರ ಕುಳಿತಿದ್ದೆ. ದೊಡ್ಡಣ್ಣ ಬಹಳ ಶಾಂತವಾಗಿ ಮಾತನಾಡಿದರು. ತಪ್ಪು ಒಂದೋ ಪದ್ಧತಿಯದು, ಇಲ್ಲವೇ ವ್ಯಕ್ತಿಯದು. ಪದ್ಧತಿಯದು ಎಂದರೆ ನಮ್ಮ ಸೋಲಿಗಾಗಿ ಕಾದಿರುವವರ ಕೈಗೆ ನಾವೇ ಕೋಲು ಕೊಟ್ಟ ಹಾಗೆ. ಆದ್ದರಿಂದ ವ್ಯಕ್ತಿಯದು. ಯಾರೂ ಕೆಟ್ಟವರಾಗಿರಲಿಲ್ಲ ಆ ಕೋಣೆಯಲ್ಲಿ, ಅದನ್ನು ನೆನೆದರೇ ನನಗೆ ಹೆಚ್ಚು ಭಯವಾಗುತ್ತದೆ. ಎಲ್ಲರಿಗೂ ನಿನ್ನ ಮೇಲೆ ಪ್ರೀತಿಯಿತ್ತು. ಚಕ್ರದ ಮೇಲೆ ಇನ್ನೂ ಸ್ವಲ್ಪ ಹೆಚ್ಚಿತ್ತು. ಠರಾವು ಬರೆಯುವ ಕೆಲಸ ಎಂದಿನಂತೆ ನನ್ನದು. ‘ಸಂಗಾತಿಯ ವೈಯಕ್ತಿಕ ಅಜಾಗರೂಕತೆಯಿಂದ ಸಂಭವಿಸಿದ ಈ ಘಟನೆಯು ಸಾಮೂಹಿಕ ಶ್ರಮದ ತತ್ವವನ್ನು ಯಾವ ರೀತಿಯಲ್ಲೂ ಬಾಧಿಸುವುದಿಲ್ಲ.’ ಬರೆದು ಮುಗಿಸಿದಾಗ, ಹೇಳಲು ನಾಚಿಕೆಯಾಗುತ್ತದೆ, ವಾಕ್ಯ ಚೆನ್ನಾಗಿ ಬಂತು ಅನ್ನಿಸಿತು.

ಏನಾದರೂ ಹೇಳುವುದಿದೆಯೇ ಎಂದು ನಿನ್ನನ್ನು ಕೇಳಿದರು. ನೀನು ಹಾಳೆಯನ್ನು ಎಡಗೈಯಲ್ಲಿ ಹಿಡಿದು ಓದಿ, ‘ಚೆನ್ನಾಗಿದೆ, ಜೋಡಿಸೋಕೆ ಸುಲಭ’ ಎಂದೆ. ಒಬ್ಬಿಬ್ಬರು ನಕ್ಕರು. ಮತಕ್ಕೆ ಹಾಕುವ ಹೊತ್ತಿಗೆ ಮೇಸ್ತ್ರಿ ‘ನೀರು ಬಿಡೋ ಟೈಮಾಯ್ತು’ ಎಂದು ಎದ್ದು ಹೋದರು. ಹಾಗಾಗಿ ಸರ್ವಾನುಮತ. ನಾನೂ ಕೈ ಎತ್ತಿದೆ. ನೀನು ನನ್ನ ಮುಖ ನೋಡಲಿಲ್ಲ, ಎತ್ತಿದ ಕೈಯನ್ನು ನೋಡಿದೆ, ಬೆರಳುಗಳನ್ನು ಒಂದೊಂದಾಗಿ ಎಣಿಸುವವನ ಹಾಗೆ. ಹೆಂಡತಿಯೂ ಕೈ ಎತ್ತಿದಳಲ್ಲ ಎಂಬ ಆಶ್ಚರ್ಯ ಅದು ಎಂದುಕೊಂಡೆ. ಮೂರು ವಾರದ ಮೇಲೆ ಒಂದು ಚೀಲ ಹಿಡಿದು ಹೊರಟಾಗ, ಆ ಕೈ ಎತ್ತಿದ್ದಕ್ಕೇ ಹೊರಟೆ ಎಂದುಕೊಂಡೆ. ಇಪ್ಪತ್ತೆರಡು ವರ್ಷ ಹಾಗೇ ಅಂದುಕೊಂಡಿದ್ದೇನೆ.

ನೀನು ಹೋದ ಮೇಲೆ ಚಕ್ರ ಇನ್ನೂ ಆರು ವರ್ಷ ತಿರುಗಿತು. ಕತ್ತರಿಸುವ ಯಂತ್ರಕ್ಕೆ ಮಾತ್ರ ಮೇಸ್ತ್ರಿಯನ್ನು ಕಾಯಂ ಮಾಡಿದರು. ಯಾವ ಠರಾವೂ ಇಲ್ಲದೆ, ಒಂದು ದಿನ ಅವರ ಕ್ಲಿಪ್ಪನ್ನು ಆ ಮನೆಗೆ ಅಂಟು ಹಾಕಿ ಅಂಟಿಸಿಬಿಟ್ಟರು. ಹಾಗೆ ನಿನ್ನ ಬೆರಳುಗಳ ಬಗ್ಗೆ ನಮ್ಮ ಸಂಘ ತಪ್ಪೊಪ್ಪಿಕೊಂಡದ್ದು, ಅಂಟಿನಲ್ಲಿ. ಬಾಯಲ್ಲಿ ಅಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೊರಟರು. ಕಸದಕ್ಕ ತೀರಿಕೊಂಡಳು. ದೊಡ್ಡಣ್ಣನವರು ಎರಡು ವರ್ಷದ ಹಿಂದೆ ಹೋದರು. ಕೊನೆಯಲ್ಲಿ ನಾನೇ ಅವರ ಹಾಸಿಗೆ ಬದಲಾಯಿಸುತ್ತಿದ್ದೆ. ಒಂದು ದಿನ ನನ್ನ ಕೈ ಹಿಡಿದು, ಚಕ್ರ ತಪ್ಪಾಗಿರಲಿಲ್ಲ ಅಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಅದು ಸುಳ್ಳಲ್ಲ. ಚಕ್ರ ರಟ್ಟಿನದು, ಅದು ಯಾರ ಬೆರಳನ್ನೂ ಕತ್ತರಿಸಲಿಲ್ಲ. ಅದನ್ನು ಮುಟ್ಟುವ ನಮ್ಮ ಕೈಗಳ ಬಗ್ಗೆ ನಾವು ಒಂದು ಸಭೆಯನ್ನೂ ಸೇರಿಸಲಿಲ್ಲ. ಹಸಿದವರ ಬಗ್ಗೆ ಅಷ್ಟು ತಿಳಿದುಕೊಂಡಿದ್ದ ನಮಗೆ, ಒಂದು ಅರ್ಧ ಪುಸ್ತಕಕ್ಕಾಗಿ ಹಸಿದವಳು ಏನು ಮಾಡಬಲ್ಲಳು ಎಂಬುದು ತಿಳಿಯಲಿಲ್ಲ.

ಇಷ್ಟೇ. ಅಜಾಗರೂಕತೆ ನಿನ್ನದಲ್ಲ. ಆ ಮಂಗಳವಾರ ಆ ಯಂತ್ರದ ಮುಂದೆ ನಿಲ್ಲಬೇಕಾದವಳು ನಾನು. ಇದನ್ನೇ ಚರಿತ್ರೆಯಲ್ಲೂ ಬರೆದಿದ್ದೇನೆ, ನನ್ನ ಹೆಸರಿನ ಸಮೇತ, ಬಾಗಿಲಲ್ಲಿ ಬಿಟ್ಟುಬಂದ ನಿಜವಾದ ಹೆಸರು. ಹುಡುಗಿ ಮುಖ ಸಪ್ಪಗೆ ಮಾಡಬಹುದು. ಮಾಡಲಿ.

ನೀನು ಕ್ಷಮಿಸು ಎಂದು ಕೇಳುವುದಿಲ್ಲ. ನನಗಿರುವ ಹೆದರಿಕೆ ಒಂದೇ. ಮುಂದಿನ ಜನವರಿಯಲ್ಲಿ ಕಾರ್ಡು ಬರದೆ ಹೋಗಬಹುದು. ವರ್ಷದಲ್ಲಿ ಒಂದು ದಿನ ಅಂಚೆಯವನು ನನ್ನ ಬಾಗಿಲಲ್ಲಿ ಸೈಕಲ್ ನಿಲ್ಲಿಸುತ್ತಾನೆ. ಆ ಒಂದು ದಿನಕ್ಕಾಗಿ ಉಳಿದ ದಿನಗಳನ್ನು ದಾಟುವುದು ನನಗೆ ರೂಢಿಯಾಗಿದೆ. ಬರದಿದ್ದರೆ ಅರ್ಥಮಾಡಿಕೊಳ್ಳುತ್ತೇನೆ. ಅದನ್ನು ನಾನೇ ಸಂಪಾದಿಸಿಕೊಂಡೆ ಎಂದುಕೊಳ್ಳುತ್ತೇನೆ.

ನಿನ್ನ ಮೊಳೆ ಜೋಡಿಸುವ ಸ್ಟಿಕ್ಕು, ಅಂಗೈಯಲ್ಲಿ ಹಿಡಿಯುತ್ತಿದ್ದ ಆ ಕಬ್ಬಿಣದ ಪಟ್ಟಿ, ಇನ್ನೂ ನನ್ನ ಹತ್ತಿರವಿದೆ. ಗುಜರಿಯವರಿಗೆ ಕೊಟ್ಟಿಲ್ಲ. ಕಳಿಸಲೇ, ಬೇಡವೇ ಎಂದು ಒಂದು ಪದ ಬರೆ. ಅಥವಾ ಆ ಕವಿತೆಯ ಮುಂದಿನ ಸಾಲು ನೆನಪಿದ್ದರೆ ಅದನ್ನು ಬರೆ. ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸಿದವನು ನೀನು, ನಿನ್ನ ಬೆರಳುಗಳಿಗೆ ನೆನಪಿರಬಹುದು ಎಂದು ಬರೆದುಬಿಟ್ಟೆ. ಬರೆದ ಮೇಲೆ ಹೊಡೆದುಹಾಕಲು ಮನಸ್ಸಾಗಲಿಲ್ಲ. ಈ ಪತ್ರದಲ್ಲಿ ಏನನ್ನೂ ತಿದ್ದಬಾರದು ಎಂದುಕೊಂಡಿದ್ದೇನೆ.

ಇಂದಿಗೂ ನಿನ್ನವಳೇ ಎನ್ನಲು ಹಕ್ಕಿದೆಯೋ ಇಲ್ಲವೋ ತಿಳಿಯದ,
ಕರಡಿ

ಮರೆತ ಮಾತು: ಲಕೋಟೆಯ ಅಂಟು ಹಳೆಯದಾಗಿ ಹಿಡಿಯುತ್ತಿರಲಿಲ್ಲ. ಪಕ್ಕದ ಬಾಗಿಲು ತಟ್ಟಿ ಮೇಸ್ತ್ರಿಯನ್ನು ಅಂಟು ಕೇಳಿದೆ. ಡಬ್ಬಿ ಹಿಡಿದು ತಾವೇ ನನ್ನ ಬಾಗಿಲಿಗೆ ಬಂದರು, ನನ್ನ ಅಂಟಿಸುವ ಕೆಲಸವನ್ನು ಅವರು ಎಂದೂ ನಂಬಿದವರಲ್ಲ. ಯಾರಿಗೆ ಇಷ್ಟು ದಪ್ಪ ಕಾಗದ ಎಂದರು. ಹೇಳಿದೆ. ಏನು ಬರೆದೆ ಎಂದರು. ಅದನ್ನೂ ಹೇಳಿಬಿಟ್ಟೆ, ಬಾಗಿಲಲ್ಲಿ ನಿಂತೇ, ಮೊದಲ ಸಲ ಬಾಯಿಬಿಟ್ಟು. ಅವರು ಅಂಟಿನ ಡಬ್ಬಿಯ ಮುಚ್ಚಳ ಬಿಗಿದು ಚೌಕಟ್ಟಿಗೆ ಒರಗಿದರು. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

‘ಇದನ್ನ ಹೇಳೋಕೆ ಇಷ್ಟು ಹಾಳೆ ಬೇಕಾಯ್ತೇನಮ್ಮ. ಅವನಿಗೆ ಗೊತ್ತಿತ್ತು. ಸೋಮವಾರ ಬೆಳಗ್ಗೆ ಇಬ್ರೂ ಒಟ್ಟಿಗೇ ಒಳಗೆ ಬಂದ್ವಿ. ಇದೇನಪ್ಪ, ನಾನು ತಿರುಗಿಸಿದ್ದು ಹೀಗಲ್ವಲ್ಲ, ನೀಲಿ ಹಸಿರು ಅದಲು ಬದಲಾಗಿದೆ, ಸರಿ ಮಾಡ್ಲಾ ಅಂದೆ. ಯಾರಿಗೂ ಹೇಳ್ಬೇಡ ಅಂತ ನನ್ನ ಕೈ ಹಿಡ್ಕೊಂಡ. ಹಾಗೇ ಇರ್ಲಿ ಬಿಡು ಮೇಸ್ತ್ರಿ, ಈ ವಾರ ಅವಳಿಗೆ ಕವಿತೆ ಬಂದಿದೆ ಅಂದ.’